ಒಂಬತ್ತು ವಿಶ್ವವಿದ್ಯಾಲಯಗಳು, ಒಂದು ಅಂಗಳ: ಕಾನ್ಪುರದ ಇಂಡೋ–ಅಮೆರಿಕನ್ ಕಾರ್ಯಕ್ರಮ, 1962–1972

ಭಾರತದ ಉನ್ನತ ತಾಂತ್ರಿಕ ಶಿಕ್ಷಣದ ಚರಿತ್ರೆಯಲ್ಲಿ ವಿದೇಶಿ ನೆರವು ಎಂಬ ಮಾತಿಗೆ ಹಲವು ಅರ್ಥಗಳಿವೆ. ಯಂತ್ರೋಪಕರಣಗಳನ್ನು ದಾನವಾಗಿ ಪಡೆಯುವುದೂ ನೆರವೇ, ಪರಿಣತರನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವುದೂ ನೆರವೇ, ಇಲ್ಲಿಯವರನ್ನು ಅಲ್ಲಿಗೆ ಕಳುಹಿಸಿ ತರಬೇತಿ ಕೊಡಿಸುವುದೂ ನೆರವೇ. ಆದರೆ ಎರಡು ದೇಶಗಳ ಅಧ್ಯಾಪಕರು ಒಂದೇ ವಿಭಾಗದಲ್ಲಿ ಕುಳಿತು, ಏನನ್ನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದನ್ನು ದಿನದಿನವೂ ಚರ್ಚಿಸಿ ತೀರ್ಮಾನಿಸುತ್ತ ಒಂದು ವಿದ್ಯಾಸಂಸ್ಥೆಯನ್ನು ಬುನಾದಿಯಿಂದ ಕಟ್ಟಿದ ನಿದರ್ಶನಗಳು ವಿರಳ. ಅಂಥವುಗಳಲ್ಲಿ ಪ್ರಮುಖವಾದುದು ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ 1962ರಿಂದ 1972ರವರೆಗೆ ನಡೆದ ‘ಕಾನ್ಪುರ ಇಂಡೋ–ಅಮೆರಿಕನ್ ಕಾರ್ಯಕ್ರಮ’. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಇದರಲ್ಲಿ ಪಾಲುಗೊಂಡಿದ್ದವು ಎಂಬುದಕ್ಕಿಂತಲೂ, ಹತ್ತು ವರ್ಷ ಕಳೆದ ಮೇಲೆ ಅವು ಹಿಂದೆ ಸರಿದಾಗ ಸಂಸ್ಥೆ ತನ್ನ ಕಾಲ ಮೇಲೆ ನಿಂತಿತ್ತು ಎಂಬುದು ಈ ಕಾರ್ಯಕ್ರಮದ ನಿಜವಾದ ವಿಶೇಷ.

ಇದರ ಹಿನ್ನೆಲೆಯನ್ನು ಸ್ವಾತಂತ್ರ್ಯಪೂರ್ವದ ಯೋಜನೆಗಳಲ್ಲಿ ಹುಡುಕಬೇಕು. 1940ರ ದಶಕದ ನಡುವೆ ನಳಿನಿ ರಂಜನ್ ಸರ್ಕಾರ್ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಉನ್ನತ ತಾಂತ್ರಿಕ ಸಂಸ್ಥೆಗಳು ಬೇಕೆಂದು ಸೂಚಿಸಿ, ಅವುಗಳಿಗೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು, ಅಂದರೆ ಎಂಐಟಿಯನ್ನು, ಮಾದರಿಯಾಗಿ ಮುಂದಿಟ್ಟಿತು. ಮೊದಲನೆಯದು 1951ರಲ್ಲಿ ಖರಗ್‌ಪುರದ ಬಳಿ, ಬ್ರಿಟಿಷರು ರಾಜಕೀಯ ಬಂದಿಗಳನ್ನು ಇಟ್ಟಿದ್ದ ಹಿಜ್ಲಿ ಶಿಬಿರದ ಕಟ್ಟಡದಲ್ಲಿ ಆರಂಭವಾಯಿತು. ಅನಂತರದವು ಶೀತಲ ಸಮರದ ಕಾಲಕ್ಕೆ ಸೇರಿದವು. ಎರಡೂ ಬಣಗಳಿಂದ ಸಮಾನ ದೂರ ಕಾಯ್ದುಕೊಳ್ಳುತ್ತಿದ್ದ ಭಾರತ ಸರ್ಕಾರ ನೆರವನ್ನೂ ಹಾಗೆಯೇ ಹಂಚಿ ಪಡೆಯಿತು: 1958ರ ಮುಂಬೈ ಸಂಸ್ಥೆಗೆ ಯುನೆಸ್ಕೋ ಮೂಲಕ ಸೋವಿಯತ್ ಒಕ್ಕೂಟ, 1959ರ ಮದರಾಸು ಸಂಸ್ಥೆಗೆ ಪಶ್ಚಿಮ ಜರ್ಮನಿ, ದೆಹಲಿಗೆ ಬ್ರಿಟನ್. ಕಾನ್ಪುರ ಅಮೆರಿಕದ ಪಾಲಿಗೆ ಬಂದಿತು. ಎಂಐಟಿಯ ಹೆಸರು ಹೇಳಿ ಹುಟ್ಟಿದ ಯೋಜನೆಯಲ್ಲಿ ಅಮೆರಿಕದ ಕೈ ಅತ್ಯಂತ ನೇರವಾಗಿ ಬಿದ್ದದ್ದು ಇಲ್ಲಿ ಎಂಬುದು ಗಮನಿಸಬೇಕಾದ ಸಂಗತಿ.

ಕಾನ್ಪುರದ ಸಂಸ್ಥೆ 1959ರ ಡಿಸೆಂಬರಿನಲ್ಲಿ ಆರಂಭವಾದದ್ದು ಸ್ವಂತ ನೆಲೆಯಲ್ಲಲ್ಲ. ಆ ನಗರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಕ್ಯಾಂಟೀನ್ ಕಟ್ಟಡದ ಒಂದು ಕೋಣೆಯೇ ಅದರ ಮೊದಲ ಕಚೇರಿ. ಮೊದಲ ನಿರ್ದೇಶಕರಾಗಿ ಬಂದ ಪಿ. ಕೆ. ಕೇಳ್ಕರ್ ವಿದ್ಯುತ್ ಎಂಜಿನಿಯರಿಂಗ್ ಓದಿದವರು; ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿ, ಮುಂಬೈಯಲ್ಲಿ ನೆಲೆಸಿ, ಅಲ್ಲಿಯ ತಂತ್ರಜ್ಞಾನ ಸಂಸ್ಥೆಯ ಯೋಜನೆಯಲ್ಲೂ ದುಡಿದಿದ್ದವರು. ಹೀಗಾಗಿ ಸೋವಿಯತ್ ನೆರವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲ ವ್ಯಕ್ತಿಯೇ ಅಮೆರಿಕದ ನೆರವನ್ನು ಬರಮಾಡಿಕೊಳ್ಳುವ ಸ್ಥಾನದಲ್ಲಿದ್ದರು. 1960ರಲ್ಲಿ ನೂರು ವಿದ್ಯಾರ್ಥಿಗಳ ಮೊದಲ ತಂಡ ಸೇರಿತು. ನಗರದಿಂದ ಆಚೆ, ಗ್ರ್ಯಾಂಡ್ ಟ್ರಂಕ್ ರಸ್ತೆಯ ಕಲ್ಯಾಣಪುರದ ಬಳಿ ದೊರೆತ ಸಾವಿರ ಎಕರೆಗೂ ಮಿಕ್ಕ ಜಮೀನಿನಲ್ಲಿ ವಾಸ್ತುಶಿಲ್ಪಿ ಅಚ್ಯುತ ಕಾನ್ವಿಂದೆಯವರ ವಿನ್ಯಾಸದ ಇಟ್ಟಿಗೆ–ಕಾಂಕ್ರೀಟಿನ ಕಟ್ಟಡಗಳು ಎದ್ದು, 1963ರಲ್ಲಿ ಸಂಸ್ಥೆ ಅಲ್ಲಿಗೆ ಸ್ಥಳಾಂತರಗೊಂಡಿತು.

ಅಮೆರಿಕ ಸರ್ಕಾರ ಈ ಹೊಣೆಯನ್ನು ಮೊದಲು ಎಂಐಟಿಯ ಹೆಗಲಿಗೆ ಹಾಕಲು ನೋಡಿದಾಗ ಆ ಸಂಸ್ಥೆ ಹಿಂಜರಿಯಿತು. ಸಾವಿರಾರು ಮೈಲಿ ದೂರದ ಒಂದು ಕಾಲೇಜಿಗೆ ವರ್ಷವರ್ಷವೂ ಒಳ್ಳೆಯ ಅಧ್ಯಾಪಕರನ್ನು ಬಿಟ್ಟುಕೊಡುವುದು ಒಂದೇ ವಿಶ್ವವಿದ್ಯಾಲಯಕ್ಕೆ ಸಾಧ್ಯವಿಲ್ಲ, ಎರಡನೆಯ ದರ್ಜೆಯವರನ್ನು ಕಳುಹಿಸಿದರೆ ಉದ್ದೇಶವೇ ಕೆಡುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಈ ಇಕ್ಕಟ್ಟಿನಿಂದ ಹುಟ್ಟಿದ್ದೇ ಒಕ್ಕೂಟದ ಕಲ್ಪನೆ. ಎಂಐಟಿಯ ಜೊತೆಗೆ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಪ್ರಿನ್ಸ್‌ಟನ್, ಪರ್ಡ್ಯೂ, ಮಿಷಿಗನ್, ಒಹಾಯೋ ಸ್ಟೇಟ್, ಕಾರ್ನೆಗಿ ಮತ್ತು ಕೇಸ್ ಸಂಸ್ಥೆಗಳು ಸೇರಿದವು. ಒಂಬತ್ತರಲ್ಲಿ ಯಾವುದೂ ಉಳಿದವುಗಳ ಯಜಮಾನನಾಗದಂತೆ ಆಡಳಿತದ ಕೆಲಸವನ್ನು ಹೊರಗಿನ, ಲಾಭದ ಉದ್ದೇಶವಿಲ್ಲದ ಒಂದು ಶೈಕ್ಷಣಿಕ ಸಂಸ್ಥೆಗೆ ವಹಿಸಲಾಯಿತು. ಅಮೆರಿಕದ ಪ್ರೌಢಶಾಲೆಗಳ ಭೌತಶಾಸ್ತ್ರ ಪಠ್ಯವನ್ನು ಹೊಸದಾಗಿ ಬರೆಯಿಸಿದ ಪ್ರಯತ್ನದಿಂದ ಬೆಳೆದು ಬಂದ ಸಂಸ್ಥೆ ಅದು. ಕಾನ್ಪುರದಲ್ಲಿ ಕಾರ್ಯಕ್ರಮದ ಮೊದಲ ನಾಯಕರಾಗಿ ಎಂಐಟಿಯ ಯಂತ್ರ ಎಂಜಿನಿಯರಿಂಗ್ ಪ್ರಾಧ್ಯಾಪಕ ನಾರ್ಮನ್ ಡಾಲ್ ಬಂದರು. ಹಣ ಬಂದದ್ದು ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯಿಂದ, ಅಂದರೆ ಯುಎಸ್‌ಏಡ್‌ನಿಂದ. ಉಪಕರಣ, ಪುಸ್ತಕ, ಪರಿಣತರ ವೆಚ್ಚ ಅವರದು. ಜಮೀನು, ಕಟ್ಟಡ, ಭಾರತೀಯ ಅಧ್ಯಾಪಕರ ಸಂಬಳ ಭಾರತ ಸರ್ಕಾರದ್ದು.

ಈ ವ್ಯವಸ್ಥೆಯಲ್ಲಿ ಕಾಗದದ ಮೇಲೆ ಸುಲಭವಾಗಿ ಕಾಣದ ಒಂದು ನಿಯಮವಿತ್ತು, ಅದೇ ಇಡೀ ಕಾರ್ಯಕ್ರಮದ ಜೀವಾಳ. ವಿಭಾಗಗಳ ಮುಖ್ಯಸ್ಥರು ಭಾರತೀಯರೇ ಆಗಿದ್ದರು. ಅಮೆರಿಕದವರು ಎಷ್ಟೇ ಹಿರಿಯರಾಗಿರಲಿ ಸಹ ಅಧ್ಯಾಪಕರಾಗಿ ಪಾಠ ಹೇಳುತ್ತಿದ್ದರು, ಪ್ರಯೋಗಾಲಯ ಕಟ್ಟುತ್ತಿದ್ದರು, ಸಭೆಗಳಲ್ಲಿ ವಾದ ಮಾಡುತ್ತಿದ್ದರು, ಆದರೆ ತೀರ್ಮಾನದ ಹೊಣೆ ಆತಿಥೇಯರದೇ. ಹತ್ತು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಅಮೆರಿಕನ್ ಅಧ್ಯಾಪಕರು ಕಾನ್ಪುರದಲ್ಲಿ ಕೆಲಸ ಮಾಡಿದರು. ಹಲವರು ಸಂಸಾರ ಸಮೇತ ಬಂದು ಆವರಣದಲ್ಲಿಯೇ ನೆಲೆಸಿದ್ದರು. ಗಂಗಾ ಬಯಲಿನ ಮೇ–ಜೂನ್ ತಿಂಗಳ ಬಿಸಿಗಾಳಿಯನ್ನು ಸಹಿಸಿ ಇದ್ದವರನ್ನು ‘ಸಂದರ್ಶಕ ಪರಿಣತ’ ಎಂಬ ಪದ ಸರಿಯಾಗಿ ಹಿಡಿಯುವುದಿಲ್ಲ.

ಪಠ್ಯಕ್ರಮದಲ್ಲಿ ಆದ ಬದಲಾವಣೆಯನ್ನು ಅರಿಯಲು ಅಂದಿನ ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ನಡೆಯುತ್ತಿದ್ದ ಪರಿಷ್ಕರಣವನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್, ಪರಮಾಣು ಶಕ್ತಿ, ಜೆಟ್ ಎಂಜಿನ್‌ಗಳನ್ನು ರೂಪಿಸುವ ಕೆಲಸದಲ್ಲಿ ಮುಂದೆ ನಿಂತವರು ಭೌತವಿಜ್ಞಾನಿಗಳೇ ಹೊರತು ಕೈಪಿಡಿ ನೋಡಿ ಲೆಕ್ಕ ಹಾಕುತ್ತಿದ್ದ ಎಂಜಿನಿಯರುಗಳಲ್ಲ ಎಂಬ ಅರಿವು ಅಲ್ಲಿಯ ವಿಶ್ವವಿದ್ಯಾಲಯಗಳನ್ನು ಕಾಡಿತ್ತು. 1955ರ ಗ್ರಿಂಟರ್ ವರದಿ ಎಂಜಿನಿಯರಿಂಗ್ ಪಾಠಕ್ಕೆ ಗಣಿತ ಮತ್ತು ಮೂಲವಿಜ್ಞಾನವೇ ತಳಹದಿಯಾಗಬೇಕೆಂದು ಹೇಳಿತ್ತು. ‘ಎಂಜಿನಿಯರಿಂಗ್ ವಿಜ್ಞಾನ’ ಎಂದು ಹೆಸರಾದ ಈ ದೃಷ್ಟಿಯಲ್ಲಿ ಸೇತುವೆ, ಟರ್ಬೈನ್, ರೇಡಿಯೋ ಎಂಬ ಬಿಡಿ ವಸ್ತುಗಳಿಗಿಂತ ಅವುಗಳ ಹಿಂದಿನ ಬಲ, ಉಷ್ಣ, ಅಲೆ, ಸಂಕೇತಗಳ ತತ್ತ್ವ ಮೊದಲು ಬರುತ್ತದೆ. ಕಾನ್ಪುರದ ಐದು ವರ್ಷಗಳ ಬಿ.ಟೆಕ್. ಪದವಿ ಈ ಜಾಡಿನಲ್ಲಿ ರೂಪುಗೊಂಡಿತು: ಯಾವ ಶಾಖೆಯ ವಿದ್ಯಾರ್ಥಿಯಾದರೂ ಆರಂಭದ ವರ್ಷಗಳಲ್ಲಿ ಭೌತ, ರಸಾಯನ, ಗಣಿತಗಳ ಸಮಾನ ಪಾಠವನ್ನು ಓದಬೇಕಿತ್ತು, ಜೊತೆಗೆ ಸಾಹಿತ್ಯ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಂಥ ಮಾನವಿಕ ವಿಷಯಗಳನ್ನೂ ಓದಬೇಕಿತ್ತು.

ಪರೀಕ್ಷೆಯ ಪದ್ಧತಿ ಇನ್ನೂ ದೊಡ್ಡ ಬದಲಾವಣೆ. ಅಂದಿನ ಭಾರತೀಯ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರು ಒಬ್ಬರು, ಪ್ರಶ್ನೆಪತ್ರಿಕೆ ತೆಗೆಯುವವರು ಮತ್ತೊಬ್ಬರು, ಉತ್ತರಪತ್ರಿಕೆ ತಿದ್ದುವವರು ಎಲ್ಲಿಯೋ ಇದ್ದ ಮೂರನೆಯವರು. ವರ್ಷದ ಕೊನೆಗೆ ಒಂದೇ ಸಲ ಎಲ್ಲದರ ತೀರ್ಮಾನ. ಕಾನ್ಪುರದಲ್ಲಿ ವರ್ಷವನ್ನು ಎರಡು ಸೆಮಿಸ್ಟರುಗಳಾಗಿ ವಿಂಗಡಿಸಿ, ಪಾಠ ಹೇಳಿದವರೇ ಪ್ರಶ್ನೆ ಕೇಳಿ, ಅವರೇ ಮೌಲ್ಯಮಾಪನ ಮಾಡಿ, ಅಂಕದ ಬದಲು ತರಗತಿಯ ಒಟ್ಟು ಸಾಧನೆಯ ಹಿನ್ನೆಲೆಯಲ್ಲಿ ಅಕ್ಷರ ಶ್ರೇಣಿ ಕೊಡುವ ಕ್ರಮ ಬಂದಿತು. ಅಧ್ಯಾಪಕರ ಮೇಲೆ ಇಷ್ಟು ವಿಶ್ವಾಸವಿಡುವುದು ಅಪಾಯವೆಂದು ಭಾವಿಸಿದವರು ಇದ್ದಿರಲೇಬೇಕು. ಆದರೆ ಅಧ್ಯಾಪಕರು ತಾವು ಓದಿದ ಹೊಸ ವಿಷಯವನ್ನು ಮರುವರ್ಷವೇ ಪಾಠಕ್ಕೆ ತರಲು ಸಾಧ್ಯವಾದದ್ದು ಈ ವಿಶ್ವಾಸದಿಂದಲೇ. ಇಂದು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗೆ ಸೆಮಿಸ್ಟರ್, ಗ್ರೇಡ್, ಆಂತರಿಕ ಮೌಲ್ಯಮಾಪನ ಎಂಬ ಪದಗಳಲ್ಲಿ ಹೊಸತೇನೂ ಕಾಣುವುದಿಲ್ಲ; ಆ ಪದಗಳು ಬಂದಷ್ಟು ಸಲೀಸಾಗಿ ಅವುಗಳ ಹಿಂದಿನ ಸ್ವಾತಂತ್ರ್ಯ ಎಲ್ಲೆಡೆ ಬಂದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಸಹಯೋಗದ ಫಲ ಅತ್ಯಂತ ಸ್ಪಷ್ಟವಾಗಿ ಕಾಣಿಸಿದ್ದು ಗಣಕಯಂತ್ರದ ಕೋಣೆಯಲ್ಲಿ. 1963ರ ಆಗಸ್ಟಿನಲ್ಲಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದು ಸ್ಥಾಪನೆಯಾಯಿತು. ಅದಕ್ಕೆ ಮೊದಲೂ ಭಾರತದಲ್ಲಿ ಗಣಕಗಳಿದ್ದವು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿಯೇ ಬ್ರಿಟನ್ನಿನಿಂದ ಒಂದನ್ನು ತರಿಸಿತ್ತು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಫ್ರಾಕ್ ಎಂಬುದನ್ನು ತಾನೇ ಕಟ್ಟಿತ್ತು. ಆದರೆ ಅವು ಸಂಶೋಧಕರ ಸಲಕರಣೆಗಳು. ಕಾನ್ಪುರದಲ್ಲಿ ಗಣಕ ಪಾಠದ ವಸ್ತುವಾಯಿತು. ಬರ್ಕ್ಲಿಯಿಂದ ಹ್ಯಾರಿ ಹಸ್ಕಿ, ಪ್ರಿನ್ಸ್‌ಟನ್ನಿನಿಂದ ಫೋರ್ಮನ್ ಆಕ್ಟನ್ ಮತ್ತು ಇರ್ವಿಂಗ್ ರಾಬಿನೋವಿಟ್ಜ್ ಈ ಕೆಲಸಕ್ಕಾಗಿ ಬಂದರು. ಹಸ್ಕಿಯವರು ಯುದ್ಧಾನಂತರ ಇಂಗ್ಲೆಂಡಿನಲ್ಲಿ ಆಲನ್ ಟ್ಯೂರಿಂಗ್ ಅವರ ಗಣಕ ಯೋಜನೆಯಲ್ಲಿ ದುಡಿದಿದ್ದವರು. ಗಣಕಶಾಸ್ತ್ರ ಎಂಬುದು ಹುಟ್ಟುತ್ತಿದ್ದಾಗಲೇ ಅದರೊಳಗಿದ್ದವರು ಕಾನ್ಪುರದ ತರಗತಿಯಲ್ಲಿ ನಿಂತು ಪಾಠ ಹೇಳಿದರು.

ಭಾರತೀಯರ ಕಡೆಯಿಂದ ಈ ಕೇಂದ್ರದ ಮುಂದಾಳತ್ವ ವಹಿಸಿದವರು ಎಚ್. ಕೆ. ಕೇಶವನ್, ಚಿಕ್ಕಮಗಳೂರಿನ ಹಿರೇಮಗಳೂರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತಿದ್ದವರು. ಮಿಷಿಗನ್ ಸ್ಟೇಟ್‌ನಲ್ಲಿ ಡಾಕ್ಟರೇಟ್ ಮಾಡಿ, ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿದ್ದ ಅವರು ಕಾನ್ಪುರಕ್ಕೆ ಬಂದು ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನೂ ಗಣಕ ಕೇಂದ್ರವನ್ನೂ ಕಟ್ಟಿದರು. ಅವರ ಜೊತೆಗಿದ್ದ ವಿ. ರಾಜಾರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ, ಎಂಐಟಿ ಮತ್ತು ವಿಸ್ಕಾನ್ಸಿನ್‌ಗಳಲ್ಲಿ ವ್ಯಾಸಂಗ ಮುಂದುವರಿಸಿ ಹಿಂದಿರುಗಿದವರು. ವಿದ್ಯಾರ್ಥಿಗಳನ್ನು ಯಂತ್ರದ ಹತ್ತಿರ ಬಿಡಬೇಕು, ಅವರೇ ಅದನ್ನು ನಡೆಸಬೇಕು ಎಂಬುದು ಈ ಕೇಂದ್ರದ ನಿಲುವು. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನ ಮೇಲೆ ತೂತುಗಳಾಗಿ ಕೊರೆದು, ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಉಣಿಸುವ ಕಾಲ ಅದು. ಒಂದು ಕಾರ್ಡು ಹಿಂದುಮುಂದಾದರೆ ಇಡೀ ಲೆಕ್ಕ ಕೆಡುತ್ತಿತ್ತು. ಎಷ್ಟೋ ಸಂಸ್ಥೆಗಳಲ್ಲಿ ಅಂಥ ದುಬಾರಿ ಯಂತ್ರ ಗಾಜಿನ ಗೋಡೆಯ ಹಿಂದೆ ದೇವರಂತೆ ಕುಳಿತು, ಅದನ್ನು ಮುಟ್ಟುವ ಅಧಿಕಾರ ಪೂಜಾರಿಗಳಂಥ ಕೆಲವರಿಗೆ ಮಾತ್ರ ಇರುತ್ತಿತ್ತು. ಕಾನ್ಪುರ ಆ ಗರ್ಭಗುಡಿಯ ಬಾಗಿಲು ತೆರೆಯಿತು. ಅಷ್ಟಕ್ಕೇ ನಿಲ್ಲದೆ, ಬೇರೆ ವಿಶ್ವವಿದ್ಯಾಲಯ, ಕಾರ್ಖಾನೆ, ಸರ್ಕಾರಿ ಪ್ರಯೋಗಾಲಯಗಳಿಂದ ಬಂದವರಿಗೆ ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಅಲ್ಪಾವಧಿಯ ತೀವ್ರ ಶಿಬಿರಗಳನ್ನೂ ನಡೆಸಿತು. 1965ರಲ್ಲಿ ಗಣಕವಿಜ್ಞಾನದ ವ್ಯಾಸಂಗ ಅಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಆರಂಭವಾಯಿತು. 1966ರಲ್ಲಿ ಇನ್ನೂ ದೊಡ್ಡದಾದ ಐಬಿಎಂ 7044 ಬಂದಿತು. ರಾಜಾರಾಮನ್ ಅವರು ಮುಂದೆ ಬರೆದ ಪಠ್ಯಪುಸ್ತಕಗಳು ಕಾನ್ಪುರವನ್ನು ಕಾಣದ ಸಾವಿರಾರು ವಿದ್ಯಾರ್ಥಿಗಳ ಕೈಸೇರಿದವು. 1982ರಲ್ಲಿ ಅವರು ಬೆಂಗಳೂರಿಗೆ ಮರಳಿದರು. ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಿಂದ ಎಂಸಿಎ ಪದವಿ ದೇಶದಲ್ಲಿ ಆರಂಭವಾಯಿತು.

ಒಂದೇ ಆವರಣದಲ್ಲಿ ಬದುಕುವುದರಿಂದ ಆಗುವ ಕಲಿಕೆಗೆ ಲೆಕ್ಕಪತ್ರ ಇರುವುದಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿ, ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಓದಿ, ಎಂ.ಟೆಕ್. ವ್ಯಾಸಂಗಕ್ಕೆ ಕಾನ್ಪುರಕ್ಕೆ ಹೋಗಿದ್ದ ಎನ್. ಆರ್. ನಾರಾಯಣ ಮೂರ್ತಿಯವರು ಅಲ್ಲಿ ಆಯ್ದುಕೊಂಡಿದ್ದ ವಿಷಯ ನಿಯಂತ್ರಣ ಸಿದ್ಧಾಂತ. 1968ರ ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಅಮೆರಿಕದಿಂದ ಬಂದಿದ್ದ ಗಣಕವಿಜ್ಞಾನಿಯೊಬ್ಬರ ಮಾತು ಕೇಳಿ, ಅವರು ಹೆಸರಿಸಿದ ಲೇಖನಗಳನ್ನು ಓದಲು ನೇರವಾಗಿ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಂದ ಹೊರಬರುವ ವೇಳೆಗೆ ಗಣಕವಿಜ್ಞಾನವನ್ನೇ ಓದುವುದೆಂದು ನಿಶ್ಚಯಿಸಿದ್ದಾಗಿ ಅವರು ಸಾರ್ವಜನಿಕ ಭಾಷಣದಲ್ಲಿ ಹೇಳಿದ್ದಾರೆ. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಮೇಜಿನಲ್ಲಿ ತಿಂಡಿ ತಿನ್ನುವ ಅವಕಾಶ, ತೆರೆದ ಕಪಾಟುಗಳ ಗ್ರಂಥಾಲಯ, ಅದರಲ್ಲಿ ಹೊಸ ಸಂಶೋಧನಾ ಪತ್ರಿಕೆಗಳು: ಮೂರರಲ್ಲಿ ಒಂದು ಇಲ್ಲದಿದ್ದರೂ ಆ ನಿಶ್ಚಯ ಆಗುತ್ತಿರಲಿಲ್ಲ.

ಗಣಕದ ಹೊಳಪಿನಲ್ಲಿ ಮೂಲವಿಜ್ಞಾನದ ವಿಭಾಗಗಳು ಮರೆಯಾಗಬಾರದು. ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರು ಒಕ್ಕೂಟದ ಸದಸ್ಯ ಸಂಸ್ಥೆಗಳಲ್ಲಿ ಒಂದಾದ ಪರ್ಡ್ಯೂವಿನಲ್ಲಿ 1958ರಲ್ಲಿಯೇ ಡಾಕ್ಟರೇಟ್ ಪಡೆದಿದ್ದವರು. 1963ರಲ್ಲಿ ಕಾನ್ಪುರ ಸೇರಿ, ರಸಾಯನಶಾಸ್ತ್ರ ವಿಭಾಗದ ನೇತೃತ್ವ ವಹಿಸಿ, 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರದ ಘಟಕವನ್ನು ಸ್ಥಾಪಿಸಿದರು. ಕಾನ್ಪುರದಲ್ಲಿ ಪಳಗಿದ ವಿಭಾಗ ಕಟ್ಟುವ ವಿದ್ಯೆ ಹೀಗೆ ಬೆಂಗಳೂರಿಗೂ ಬಂದಿತು.

ಕಾರ್ಯಕ್ರಮದ ಕೊರತೆಗಳನ್ನು ಮುಚ್ಚಿಡುವುದು ಚರಿತ್ರೆಗೆ ಶೋಭಿಸುವುದಿಲ್ಲ. ಮೊದಲನೆಯದು ಪ್ರತಿಭಾ ಪಲಾಯನ, ಅಂದರೆ ದೇಶದ ಖರ್ಚಿನಲ್ಲಿ ಓದಿದವರು ವಿದೇಶದಲ್ಲಿ ನೆಲೆಸುವುದು. ಮೊದಲ ತಂಡ ಪದವಿ ಪಡೆದು ಹೊರಬಂದ 1965ರಲ್ಲಿಯೇ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ ಏಷ್ಯಾದ ನುರಿತ ಜನರಿಗೆ ಬಾಗಿಲು ತೆರೆದದ್ದು ಕಾಕತಾಳೀಯ. ಆದರೆ ಅಮೆರಿಕದ ಪಠ್ಯವನ್ನು ಅಮೆರಿಕದ ಅಧ್ಯಾಪಕರಿಂದಲೇ ಕಲಿತವರಿಗೆ ಆ ಬಾಗಿಲು ದಾಟುವುದು ಬೇರೆಯವರಿಗಿಂತ ಸುಲಭವಾಯಿತು ಎಂಬುದು ಕಾಕತಾಳೀಯವಲ್ಲ. ಆ ಮೊದಲ ತಂಡದ ಅಭಯ ಭೂಷಣ್ ಎಂಐಟಿಗೆ ಹೋಗಿ, 1971ರಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಕಡತಗಳನ್ನು ಕಳುಹಿಸುವ ನಿಯಮಾವಳಿಯನ್ನು, ಅಂದರೆ ಎಫ್‌ಟಿಪಿಯನ್ನು, ಬರೆದರು. ಜಗತ್ತಿಗೆ ಲಾಭವಾಯಿತು, ಕಾನ್ಪುರಕ್ಕೆ ಕೀರ್ತಿ ಬಂದಿತು. ಎರಡನೆಯ ಕೊರತೆ ಊರಿನೊಂದಿಗಿನ ನಂಟಿನದು. ಹತ್ತಿ ಗಿರಣಿಗಳೂ ಚರ್ಮದ ಕಾರ್ಖಾನೆಗಳೂ ತುಂಬಿದ್ದ ಕಾನ್ಪುರ ನಗರ ಉತ್ತರ ಭಾರತದ ದೊಡ್ಡ ಕೈಗಾರಿಕಾ ಕೇಂದ್ರವಾಗಿದ್ದರೂ, ಆ ಗಿರಣಿಗಳ ತೊಡಕುಗಳು ಕಲ್ಯಾಣಪುರದ ಪ್ರಯೋಗಾಲಯಗಳ ಮುಖ್ಯ ಚಿಂತೆಯಾಗಲಿಲ್ಲ. ತತ್ತ್ವವನ್ನು ಮೊದಲಿಟ್ಟ ಪಠ್ಯಕ್ರಮದ ಬಲವೇ ಇಲ್ಲಿ ಅದರ ದೌರ್ಬಲ್ಯವೂ ಆಯಿತು ಎನ್ನಬೇಕು. ಒಂಬತ್ತು ಪಾಲುದಾರರಿದ್ದ ಸಹಯೋಗದಲ್ಲಿ ಹತ್ತನೆಯ ಪಾಲುದಾರನಾಗಬೇಕಿದ್ದ ಊರು ಹೊರಗೆ ಉಳಿಯಿತು.

1971ರ ಬಾಂಗ್ಲಾದೇಶ ಯುದ್ಧದ ವೇಳೆಗೆ ದೆಹಲಿ–ವಾಷಿಂಗ್ಟನ್ ಸಂಬಂಧ ತೀರ ಹದಗೆಟ್ಟಿತ್ತು. ಕಾನ್ಪುರದ ಕಾರ್ಯಕ್ರಮ ಆ ಕಹಿಯ ನಡುವೆಯೂ ತನ್ನ ಹತ್ತು ವರ್ಷದ ಅವಧಿಯನ್ನು ಮುಗಿಸಿ 1972ರಲ್ಲಿ ಕೊನೆಗೊಂಡಿತು. ಅಷ್ಟರಲ್ಲಿ ಕೇಳ್ಕರ್ ಅವರು 1970ರಲ್ಲಿ ಮುಂಬೈ ಸಂಸ್ಥೆಯ ನಿರ್ದೇಶಕರಾಗಿ ಹೊರಟುಹೋಗಿದ್ದರು. ಕೇಶವನ್ ವಾಟರ್ಲೂಗೆ ಹಿಂದಿರುಗಿ ಅಲ್ಲಿ ವ್ಯವಸ್ಥಾ ವಿನ್ಯಾಸದ ಹೊಸ ವಿಭಾಗ ಕಟ್ಟುತ್ತಿದ್ದರು. ಮುಖ್ಯರಾದವರು ಹೋದರೂ ವಿಭಾಗಗಳು ನಡೆದವು, ಪರೀಕ್ಷೆಯ ಪದ್ಧತಿ ಹಿಂದಕ್ಕೆ ಜಾರಲಿಲ್ಲ, ಸ್ನೇಹಗಳೂ ಉಳಿದವು. ಕಾನ್ಪುರದ ಗಣಿತಜ್ಞ ಜೆ. ಎನ್. ಕಪೂರ್ ಅವರೊಂದಿಗೆ ಕೇಶವನ್ ಎಂಟ್ರೊಪಿಯ ಗಣಿತವನ್ನು ಕುರಿತು ಬರೆದ ಗ್ರಂಥ ಪ್ರಕಟವಾದದ್ದು 1992ರಲ್ಲಿ, ಕಾರ್ಯಕ್ರಮ ಮುಗಿದು ಇಪ್ಪತ್ತು ವರ್ಷಗಳ ಮೇಲೆ. 2002ರಲ್ಲಿ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಶೀಘ್ರವಾಗಿ, ಖಚಿತವಾಗಿ ಹೇಳುವ ವಿಧಾನವನ್ನು ಕಂಡುಹಿಡಿದು ಜಗತ್ತಿನ ಗಣಿತಜ್ಞರ ಗಮನ ಸೆಳೆದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಮೂವರೂ ಆ ಕೆಲಸ ಮಾಡಿದ್ದು ಕಾನ್ಪುರದ ಗಣಕವಿಜ್ಞಾನ ವಿಭಾಗದಲ್ಲಿಯೇ.

ಇಂದು ವಿಶ್ವವಿದ್ಯಾಲಯಗಳ ನಡುವೆ ಒಡಂಬಡಿಕೆಗಳಿಗೆ ಕೊರತೆಯಿಲ್ಲ; ಕುಲಪತಿಗಳು ಕೈಕುಲುಕುವ ಛಾಯಾಚಿತ್ರಗಳು ವಾರ್ಷಿಕ ವರದಿಗಳಲ್ಲಿ ಧಾರಾಳವಾಗಿ ಕಾಣಸಿಗುತ್ತವೆ. ಕಾನ್ಪುರದ ಹತ್ತು ವರ್ಷಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ, ಯಾರು ಯಾರ ಊರಿಗೆ ಹೋಗಿ ಎಷ್ಟು ಕಾಲ ಪಾಠ ಹೇಳಿದರು ಎಂಬ ಸರಳ ಪ್ರಶ್ನೆಗೆ ಬಹುತೇಕ ಒಡಂಬಡಿಕೆಗಳು ಉತ್ತರ ಕೊಡಲಾರವು.

ಆ ದಶಕದಲ್ಲಿ ಕಾನ್ಪುರದಲ್ಲಿ ಓದಿದ, ಕಲಿಸಿದ ಕನ್ನಡಿಗರಲ್ಲಿ ಅನೇಕರು ಈಗ ಎಂಬತ್ತರ ಆಸುಪಾಸಿನವರು. ಅಧಿಕೃತ ವರದಿಗಳು ಉಪಕರಣಗಳ ಮತ್ತು ಪರಿಣತರ ಲೆಕ್ಕ ಹೇಳುತ್ತವೆ. ತರಗತಿಯ ಒಳಗೆ ಏನಾಯಿತು ಎಂಬುದು ಇರುವುದು ಅವರ ಟಿಪ್ಪಣಿ ಪುಸ್ತಕಗಳಲ್ಲಿ, ಮನೆಗೆ ಬರೆದ ಕಾಗದಗಳಲ್ಲಿ, ನೆನಪುಗಳಲ್ಲಿ. ಅಂಥ ಕಾಗದಪತ್ರಗಳು ಮನೆಯಲ್ಲಿರುವವರು ಅವನ್ನು ರದ್ದಿಗೆ ಹಾಕದೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕು; ನೆನಪುಳ್ಳವರು ಅದನ್ನು ಕನ್ನಡದಲ್ಲಿ ಬರೆದಿಡಬೇಕು.